ಹತ್ತು ಕುಡಿ ಸೇವಂತಿಗೆ

ಮಲ್ಲಂದೂರು
೩೦ ನವೆಂಬರ್ ೨೦೨೪

ಪ್ರೀತಿಯ ಸೌಂದರ್ಯ,

ಹೀಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ, ಆದರೆ ಬೇರೆ ಹೇಗೆ ಕರೆಯಲಿ? ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಗೋಣಿಬೀಡಿನ ಪೋಸ್ಟ್‌ಮ್ಯಾನ್‌ನನ್ನು ಬ್ಲಾಕ್ ಮಾಡಲು ನಿನಗೆ ಆಗುವುದಿಲ್ಲವಲ್ಲ. ಹರಿಯುವ ಮೊದಲು ಒಂದು ಸಲ ಓದು.

ವಿಷಯ ಇಷ್ಟೇ. ನಿನ್ನ ಕೆಂಪು ಸೇವಂತಿಗೆ ನಮ್ಮಲ್ಲಿ ಹೂ ಬಿಟ್ಟಿದೆ, ಹತ್ತಕ್ಕೆ ಹತ್ತೂ ಕುಂಡ. ತಪ್ಪು ನನ್ನದು, ನೀನು ಕೊಟ್ಟ ಕುಡಿಗಳದ್ದಲ್ಲ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನೀನು ಕುಡಿ ಕೊಟ್ಟ ಹೊತ್ತಿಗೇ ನಮ್ಮ ತೋಟಕ್ಕೆ ಆನೆ ಬರಲು ಶುರುವಾಗಿತ್ತು. ನಮ್ಮ ಮನೆಯವರು ಅಂಗಳದ ಕಂಬಕ್ಕೆ ದೊಡ್ಡ ಎಲ್‌ಇಡಿ ಲೈಟ್ ಹಾಕಿಸಿದರು. ಸಂಜೆ ಆರರಿಂದ ಬೆಳಗಿನವರೆಗೆ ಅಂಗಳದಲ್ಲಿ ಕೂತು ಪೇಪರ್ ಓದಬಹುದು, ಅಷ್ಟು ಬೆಳಕು. ಗಿಡ ಸೊಂಪಾಗಿ ಬೆಳೆಯಿತು, ಒಂದು ಮೊಗ್ಗಿಲ್ಲ. ಚಳಿಗೆ ಹೀಗಾಯಿತೇನೋ, ಸ್ವಲ್ಪ ಬೆಚ್ಚಗಿರಲಿ ಎಂದು ಕುಂಡಗಳನ್ನೆಲ್ಲ ಲೈಟಿನ ಬುಡಕ್ಕೇ ತಂದು ಸಾಲಾಗಿ ಇಟ್ಟೆ. ಹಿಂಡಿ ಹಾಕಿದೆ, ಸಗಣಿ ನೀರು ಹಾಕಿದೆ. ಎರಡನೇ ವರ್ಷವೂ ಬರೀ ಎಲೆ.

ಆಮೇಲಿನದು ನಿನಗೇ ಗೊತ್ತು. ಹೋದ ಡಿಸೆಂಬರಿನಲ್ಲಿ ಮೂಡಿಗೆರೆಯ ಹೂವಿನ ಪ್ರದರ್ಶನದಲ್ಲಿ ನಿನಗೆ ಮೊದಲ ಬಹುಮಾನ ಬಂತು. ನನಗೆ ಹೊಟ್ಟೆ ಉರಿಯಿತು, ಮುಚ್ಚಿಟ್ಟು ಏನು ಪ್ರಯೋಜನ. ಅಷ್ಟು ಹೆಂಗಸರ ಎದುರು, ಬೇರೆಯವರ ಮನೆಯಲ್ಲಿ ಅರಳಬಾರದು ಎಂದು ಸೌಂದರ್ಯ ಗೊಡ್ಡು ಗಿಡದ ಕುಡಿಯನ್ನೇ ಆರಿಸಿ ಕೊಡುತ್ತಾಳೆ ಎಂದುಬಿಟ್ಟೆ. ನೀನು ಕುಂಡ ಎತ್ತಿಕೊಂಡು ಜೀಪು ಹತ್ತಿದೆ. ಈಗ ನಿನ್ನ ಹತ್ತಿರ ಯಾರೂ ಕುಡಿ ಕೇಳುವುದಿಲ್ಲವಂತೆ, ಈ ಸಲ ಪ್ರದರ್ಶನಕ್ಕೂ ಬರುವುದಿಲ್ಲ ಅಂದೆಯಂತೆ. ನಿಮ್ಮ ತೋಟದ ಕೆಲಸಕ್ಕೆ ಬರುವ ಸಿದ್ದಮ್ಮ ಆಲ್ದೂರಿನಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಿ ಹೇಳಿದಳು. ಅವತ್ತು ನನಗೆ ಊಟ ಸೇರಲಿಲ್ಲ.

ಈ ವರ್ಷ ಗಣಪತಿ ಹಬ್ಬ ಮುಗಿದ ವಾರ ಸಿಡಿಲು ಹೊಡೆದು ಲೈಟ್ ಸುಟ್ಟುಹೋಯಿತು. ನಮ್ಮವರು ನಾಳೆ ಹಾಕಿಸುತ್ತೇನೆ, ನಾಳೆ ಹಾಕಿಸುತ್ತೇನೆ ಅನ್ನುತ್ತಲೇ ಕಾಫಿ ಕೊಯ್ಲು ಹತ್ತಿರ ಬಂತು. ದೀಪಾವಳಿಗೆ ನೋಡಿದರೆ ಹತ್ತೂ ಕುಂಡದಲ್ಲಿ ಮೊಗ್ಗು! ಎಲ್ಲ ನನ್ನ ಹಿಂಡಿಯ ಮಹಿಮೆ ಎಂದು ಬೀಗಿದೆ. ತೋಟಗಾರಿಕೆ ಓದುತ್ತಿರುವ ನಮ್ಮಣ್ಣನ ಮಗಳು ವರ್ಷಿಣಿ ಹಬ್ಬಕ್ಕೆ ಬಂದವಳು ಕಂಬದ ಕಡೆ ನೋಡಿ ನಕ್ಕಳು. ಸೇವಂತಿಗೆ ಕತ್ತಲನ್ನು ಅಳೆದುಕೊಂಡು ಹೂ ಬಿಡುತ್ತದಂತೆ. ರಾತ್ರಿ ಉದ್ದವಾಗಿ ತಂಪು ಶುರುವಾದರೆ ಮೊಗ್ಗು. ರಾತ್ರಿಯಿಡೀ ಬೆಳಕಿದ್ದರೆ ಅದಕ್ಕಿನ್ನೂ ಬೇಸಿಗೆಯೇ, ಎಲೆ ಬಿಡುತ್ತಾ ಕೂರುತ್ತದಂತೆ. ಬಯಲುಸೀಮೆಯಲ್ಲಿ ಹೂ ಬೆಳೆಯುವವರು ಕೊಯ್ಲು ತಡವಾಗಲಿ ಎಂದು ಬೇಕೆಂದೇ ಹೊಲದಲ್ಲಿ ಬಲ್ಬ್ ಉರಿಸುತ್ತಾರಂತೆ. ನಾನು ಅದನ್ನೇ ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೆ.

ನಾಚಿಕೆಯಾಗುತ್ತಿದೆ ಕಣೇ. ಮಗುವಿನ ಮುಖಕ್ಕೆ ಟಾರ್ಚ್ ಹಿಡಿದು, ನಿದ್ದೆ ಮಾಡುವುದಿಲ್ಲವೆಂದು ಅದರ ತಾಯಿಯನ್ನು ಬೈದ ಹಾಗಾಯಿತು.

ಡಿಸೆಂಬರ್ ಹದಿನೈದು, ಭಾನುವಾರ ಪ್ರದರ್ಶನ. ಕುಂಡ ತೆಗೆದುಕೊಂಡು ಬಾ. ಅದೇ ಜಾಗದಲ್ಲಿ, ಅದೇ ಹೆಂಗಸರ ಎದುರು, ನಾನು ಅಂದದ್ದು ಸುಳ್ಳು ಎಂದು ಹೇಳುತ್ತೇನೆ. ನೀನು ಬಾರದಿದ್ದರೂ ಹೇಳುತ್ತೇನೆ, ಆದರೆ ನನಗೆ ಸಮಾಧಾನವಾಗುವುದಿಲ್ಲ. ಮಾತಾಡದೆ ಒಂದು ವರ್ಷವಾಯಿತು ಮಾರಾಯ್ತಿ. ನೀನಿಲ್ಲದೆ ತುಂಬ ಬೇಜಾರು.

ಹೊಸ ಲೈಟ್ ಬಂದಿದೆ. ಸ್ವಿಚ್ಚನ್ನು ನನ್ನ ಮಂಚದ ಪಕ್ಕಕ್ಕೆ ಹಾಕಿಸಿಕೊಂಡಿದ್ದೇನೆ. ಆನೆ ಬಂದರೆ ಮಾತ್ರ ಉರಿಯುತ್ತದೆ.

ನಿನ್ನ
ಸತ್ಯವತಿ

ತಾ.ಕ.: ಇದನ್ನು ಹೇಳದಿದ್ದರೆ ಮೇಲೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ. ಕುಡಿ ಕೊಟ್ಟ ದಿನ ನೀನು ಕಾಫಿ ಮಾಡಲು ಒಳಗೆ ಹೋದಾಗ ಅದೇ ಗಿಡದಿಂದ ಇನ್ನೆರಡು ಕುಡಿ ಚಿವುಟಿ ಬ್ಯಾಗಿಗೆ ಹಾಕಿಕೊಂಡಿದ್ದೆ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅನ್ನುತ್ತಾರಲ್ಲ, ಅದಕ್ಕೆ. ನೀನು ಬಂದಾಗ ಕಣ್ಣಿಗೆ ಬೀಳದಿರಲಿ ಎಂದು ಬಚ್ಚಲುಮನೆಯ ಹಿಂದೆ ನೆಟ್ಟೆ. ಅಲ್ಲಿಗೆ ಲೈಟ್ ಬೀಳುವುದಿಲ್ಲ. ಎರಡು ವರ್ಷವೂ ಮೈತುಂಬ ಹೂ ಬಿಟ್ಟವು. ಕೊಟ್ಟದ್ದು ಮಾತ್ರ ಅರಳಲಿಲ್ಲವೆಂದರೆ ನೀನು ಮನಸ್ಸಿಲ್ಲದೆ ಕೊಟ್ಟಿರಬೇಕು ಅಂದುಕೊಂಡೆ. ಆದರೆ ಗಿಡ ಗೊಡ್ಡಲ್ಲ ಎಂಬುದು ಮೂಡಿಗೆರೆಯಲ್ಲಿ ಬಾಯಿ ಬಿಟ್ಟಾಗಲೇ ನನಗೆ ಗೊತ್ತಿತ್ತು. ಆ ಎರಡನ್ನೂ ಈಗ ಕುಂಡಕ್ಕೆ ಹಾಕಿದ್ದೇನೆ. ಪ್ರದರ್ಶನದ ಪಟ್ಟಿಯಲ್ಲಿ ನಿನ್ನ ಹೆಸರಿಗೇ ಬರೆಸಿದ್ದೇನೆ.