ಶಿವಕಾಂತಾಳ ಬಿಡುಗಡೆಯ ಕಾಗದ

೧೯೪೯ ಮಾರ್ಚ್ ೧೨, ಶನಿವಾರ. ಬೀದರ.

ಈ ಸುದ್ದಿಯನ್ನು ಮೊದಲು ಹೇಳಿದವಳು ನಮ್ಮ ಹುಚ್ಚರ ದವಾಖಾನೆಯಲ್ಲಿ ಹೆಂಗಸರ ಕೋಣೆ ಕಾಯುವ ಶಾಲುಬಾಯಿ, ನಿನ್ನೆ ಸಂಜೆ. ಆ ಕೋಣೆಯಲ್ಲಿರುವ ಶಿವಕಾಂತಾಳಿಗೆ ಉಳಿದಿದ್ದ ಒಬ್ಬನೇ ಅಣ್ಣನನ್ನು ಹುಡುಕಲು ಶಾಲುಬಾಯಿಯೇ ಅವನ ಊರು ಠಾಣಾ ಕುಶನೂರಿಗೆ ಹೋಗಿಬಂದಿದ್ದಳು.

"ಮುನ್ಶಿಯವರ, ಹೋದ ವರ್ಷದ ಪೊಲೀಸ್ ಆಕ್ಷನ್ ಗದ್ದಲದಾಗ ಅವನೂ ಸತ್ತಾನಂತ್ರಿ. ಮನಿ ಸುಟ್ಟು ಬೂದಿ ಆಗ್ಯದ. ಯಾರೂ ಉಳಿದಿಲ್ಲರಿ."

ಶಿವಕಾಂತಾಳ ಬುದ್ಧಿ ನೆಟ್ಟಗಾಗಿ ಮೂರು ತಿಂಗಳಾಯಿತು. ಡಾಕ್ಟರು ಬರೆದುಕೊಟ್ಟಿದ್ದಾರೆ. ಆದರೆ ಸಂಬಂಧಿಕರೊಬ್ಬರು ಬಂದು ಗುಮಾಸ್ತನಾದ ನಾನು ಬರೆಯುವ ಬಿಡುಗಡೆ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ಅವಳನ್ನು ಬಿಡುವಂತಿಲ್ಲ. ಕಂಬಿಯ ಆಚೆ ಅವಳ ಜೊತೆಗಿರುವ ಹದಿನಾಲ್ಕು ಹೆಂಗಸರು ರೊಟ್ಟಿ ಕೈಯಲ್ಲೇ ಹಿಡಿದು ಕೇಳುತ್ತಿದ್ದರು.

ಶಿವಕಾಂತಾ ಅಳಲಿಲ್ಲ. "ಹಂಗಾರ ನಾ ಶಾಣ್ಯಾಕಿ ಆಗಿ ಏನ್ ಉಪಯೋಗ ಆತ್ರಿ?" ಎಂದಳು. ನಾನು ಅವಳ ಕಾಗದ ಮಡಚಿಕೊಂಡು ಹೊರಟುಬಂದೆ.

ಇವತ್ತು ಬೆಳಿಗ್ಗೆ ಹೋದರೆ ಹದಿನಾಲ್ಕೂ ಜನ ಕಂಬಿಯ ಹತ್ತಿರ ಸಾಲಾಗಿ ನಿಂತಿದ್ದರು. ಎಲ್ಲರ ಹೆಬ್ಬೆರಳಿಗೂ ಅಂಬಲಿ ಗಡಿಗೆಯ ಮಸಿ.

"ನಾ ಇಕಿ ಅವ್ವ. ಇವರೆಲ್ಲ ಅಕ್ಕ-ತಂಗಿ," ಎಂದಳು ಮುದುಕಿ ಕಸ್ತೂರಿಬಾಯಿ. "ಎಲ್ಲಿ ಒತ್ತಬೇಕು, ತೋರಸಪಾ. ಹಂಗ್ಯಾಕ ಕಣ್ಣು ಬಿಡ್ತಿ, ಹುಚ್ಚಾ?"

ಎಲ್ಲರೂ ನಕ್ಕರು. ಇಲ್ಲಿರುವವರ ಹೆಬ್ಬೆಟ್ಟು ಸರಕಾರದಲ್ಲಿ ನಡೆಯುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲಾಗದೆ ಕಾಗದ ಒಳಗೆ ಕೊಟ್ಟೆ. ಒಬ್ಬೊಬ್ಬರಾಗಿ ಒತ್ತಿದರು. ಆಮೇಲೆ ಕೈ ತೊಳೆದುಕೊಂಡು, ಶಿವಕಾಂತಾಳ ತಲೆ ಬಾಚಿ, ಬಿಗಿಯಾಗಿ ಹೆರಳು ಹಾಕಿ, ದಾರಿಗೆಂದು ಎರಡು ರೊಟ್ಟಿ ಕಟ್ಟಿಕೊಟ್ಟು, ಅವಳನ್ನು ಇನ್ನೂ ಬೀಗ ಹಾಕಿದ್ದ ಬಾಗಿಲ ಬಳಿ ಕೂಡಿಸಿದರು.