ಬಂಗಾರ ತೊಳೆದ ಮಣ್ಣು

ಅಪ್ಪಾ,

ಬೆಳಗಾಗುವ ಮೊದಲೇ ನೀನು ಪೊರಕೆ ಹಿಡಿದು ಅಕ್ಕಸಾಲಿಗರ ಓಣಿಗೆ ಹೊರಡುತ್ತಿದ್ದುದು ನೆನಪಾಗುತ್ತದೆ. ಅಂಗಡಿಗಳ ಮುಂದಿನ ಕಸ, ಗಟಾರದ ರಾಡಿ, ಎಲ್ಲವನ್ನೂ ಚೀಲದಲ್ಲಿ ತುಂಬಿ ಬೆಟಗೇರಿಯ ಈ ಮನೆಗೆ ತಂದು ಹಿತ್ತಲಲ್ಲಿ ತೊಳೆಯುತ್ತಿದ್ದೆ. ತಳದ ಕಪ್ಪು ಮಣ್ಣಿಗೆ ಪಾದರಸ ಹಾಕಿ ತಿಕ್ಕಿದರೆ ಬಂಗಾರದ ಕಣಗಳು ಅದಕ್ಕೆ ಅಂಟುತ್ತಿದ್ದವು. ಒಲೆಯ ಮೇಲೆ ಕಾಸಿದಾಗ ಪಾದರಸ ಹಾರಿಹೋಗಿ ಸಾಸಿವೆಯಷ್ಟು ಬಂಗಾರ ಉಳಿಯುತ್ತಿತ್ತು. ಹಾರಿಹೋಯಿತೆಂದೇ ನಾವು ತಿಳಿದಿದ್ದೆವು. ಎಲ್ಲಿಗೆ ಹೋದೀತು?

ಕೊನೆಗಾಲದಲ್ಲಿ ಚಹಾದ ಬಸಿ ನಿನ್ನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. "ಮುದುಕ ಮುಂಜಾನಿನ ಕುಡದು ಬಂದಾನ ನೋಡ್ರಿ" ಎಂದು ಓಣಿಯವರು ನಕ್ಕರು. ಒಂದು ಹನಿ ಮುಟ್ಟದವನು ನೀನು...

ಹೋದ ವಾರ ಕಸ್ತೂರಿ ಮುಂಡರಗಿಯಿಂದ ಚೊಚ್ಚಲ ಬಾಣಂತನಕ್ಕೆ ಬಂದಳು. ಹೌದಪ್ಪಾ, ನಿನ್ನ ಸಣ್ಣ ಮಗಳು ಬಸುರಿ. ಮಧ್ಯಾಹ್ನ ನೋಡಿದರೆ ಹಿತ್ತಲ ಗೋಡೆಯ ಹೆಂಟೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ. ನೀನು ತೊಳೆದು ಚೆಲ್ಲಿದ ಮಣ್ಣನ್ನೇ ಕಲಸಿ ಮೆತ್ತಿದ ಗೋಡೆ ಅದು.

"ಏನ ತಿನ್ನಾಕತ್ತೀಲೇ?"

"ಬಯಕಿ, ಅಕ್ಕಾ. ಅಪ್ಪ ಬಂಗಾರ ತೊಳದ ಮಣ್ಣ ಅಲ್ಲೇನ? ಕೂಸಿನ ಮೈಗೂ ಒಂಚೂರು ಹತ್ಲಿ ಬಿಡ."

ನಾನೂ ನಕ್ಕೆ.

ಗದಗಿನ ಡಾಕ್ಟರಮ್ಮನ ಮುಂದೆಯೂ ಅವಳು ಅದನ್ನೇ ಹೇಳಿ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ನಿನ್ನ ಕೆಲಸ, ನಿನ್ನ ಕೈ, ನಮ್ಮ ಒಲೆ, ಎಲ್ಲ ಕೇಳಿದರು. "ಪಾದರಸ ಎಲ್ಲಾ ಹಾರಿ ಹೋಗೂದಿಲ್ರಿ. ಮಣ್ಣಾಗ, ಧೂಳಿನ್ಯಾಗ, ಗ್ವಾಡಿ ಬಿರುಕಿನ್ಯಾಗ ಕುಂತಿರತೈತಿ. ಹೊಟ್ಟ್ಯಾಗಿನ ಕೂಸಿನ ಮಿದುಳಿಗೆ ಅದು ಛಲೋ ಅಲ್ಲ. ಈಕಿನ್ನ ಆ ಮನ್ಯಾಗ ಇಡಬ್ಯಾಡ್ರಿ. ಕೂಸನ್ನಂತೂ ಆ ನೆಲದ ಮ್ಯಾಲ ಬಿಡಲೇಬ್ಯಾಡ್ರಿ." ರಕ್ತ ಪರೀಕ್ಷೆಗೆ ಹೋಗಿದೆ. ವರದಿ ಇನ್ನೂ ಬಂದಿಲ್ಲ.

ಅವಳ ಅತ್ತೆಗೆ ಫೋನು ಮಾಡಿದೆ. "ಚೊಚ್ಚಲದ್ದು ತವರಮನ್ಯಾಗ ಆಗಬೇಕವಾ. ಧೂಳಿನ ನೆವಾ ಹೇಳಿ ಜಾರಕೋತೀಯೇನ?" ಎಂದು ಇಟ್ಟುಬಿಟ್ಟರು. ಅವ್ವನೂ ಇಲ್ಲದ ಮೇಲೆ ತವರು ಎಂದರೆ ಇದೊಂದೇ ಮನೆ. ಗುಡಿಸಿದರೆ ಧೂಳು ಏಳುತ್ತದೆ, ಬಿಟ್ಟರೆ ಕಾಲಿಗೆ ಹತ್ತುತ್ತದೆ. ಕಿಟಕಿ ತೆರೆದರೆ ಹಿತ್ತಲು, ಮುಚ್ಚಿದರೆ ಒಲೆಯ ಕೋಣೆ. ಒದ್ದೆ ಬಟ್ಟೆಯಿಂದ ಎಷ್ಟೆಂದು ಒರೆಸಲಿ? ಮಾರೋಣವೆಂದರೆ ಕೊಂಡವರ ಮಕ್ಕಳೂ ಇದೇ ನೆಲದ ಮೇಲೆ...

ಇವತ್ತು ಶಿರಹಟ್ಟಿಯ ನಿನ್ನ ತಂಗಿಗೆ ಎಲ್ಲ ಹೇಳಿದೆ. "ಅಣ್ಣನ ಮಗಳಿಗೆ ನನ್ನ ಮನೀನೂ ತವರ. ಆ ಬೀಗತಿಗೆ ನಾ ಹೇಳತೀನಿ. ಜಲ್ದಿ ಕರಕೊಂಡ ಬಾ" ಎಂದಳು. ನಾಳೆ ಬಸ್ಸಿಗೆ ಹೋಗಿ ಕಸ್ತೂರಿಯನ್ನು ಬಿಟ್ಟು ನಾನು ತಿರುಗಿ ಬರಬೇಕು. ಓಣಿಯ ಮಕ್ಕಳು ಚೆಂಡು ಹುಡುಕುತ್ತ ಹಿತ್ತಲಿಗೆ ನುಗ್ಗದಂತೆ ಕಾಯುವವರು ಯಾರಾದರೂ ಇಲ್ಲಿ ಇರಲೇಬೇಕಲ್ಲ.

ನಿನ್ನ ಮೊದಲ ಮೊಮ್ಮಗು, ಗಂಡಾಗಲಿ ಹೆಣ್ಣಾಗಲಿ, ಅದನ್ನು ನಿನ್ನ ಹೊಸ್ತಿಲು ದಾಟಿಸಿ ಒಳಗೆ ತರುವುದಿಲ್ಲ, ಅಪ್ಪಾ. ಇದು ನನ್ನ ಮಾತು. ಸಿಟ್ಟಾಗಬೇಡ.

ನಿನ್ನ ಹಿರಿಮಗಳು