ಅಪ್ಪ ಹಾಕಿದ ಫಿಲ್ಟರ್

ಏಪ್ರಿಲ್ 17, ಗುರುವಾರ

ಅಂತೂ ಕಾರಿನ ಎ.ಸಿ. ಸರಿಯಾಯಿತು. ನಾಲ್ಕು ದಿನದಿಂದ ಫ್ಯಾನಿನ ಸದ್ದು ಬರುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಫ್ಯೂಸ್ ನೋಡಿದೆ, ಗ್ಯಾಸ್ ಪರೀಕ್ಷೆ ಮಾಡಿಸಿದೆ. ಎರಡೂ ಸರಿಯಿದ್ದವು. ಭಾನುವಾರ ಅಪ್ಪ ಹಾಕಿದ ಎ.ಸಿ.ಯ ಹೊಸ ಫಿಲ್ಟರನ್ನು ಮಾತ್ರ ಮುಟ್ಟಲಿಲ್ಲ. ಪಾರ್ಶ್ವವಾಯು ಆದ ಮೇಲೆ ಅವರ ಬಲಗೈ ಯಾರ ನೆರವೂ ಇಲ್ಲದೆ ಮಾಡಿದ ಮೊದಲ ಕೆಲಸ ಅದು. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿರಲಿಲ್ಲ.

ಇವತ್ತು ಮೆಕ್ಯಾನಿಕ್ ಫಿಲ್ಟರನ್ನು ಅರ್ಧ ಹೊರಗೆಳೆದು ನನ್ನ ಮುಖ ನೋಡಿದ. ಅಪ್ಪ ಅದರ ಪ್ಲಾಸ್ಟಿಕ್ ಕವರನ್ನೇ ತೆಗೆದಿರಲಿಲ್ಲ.

ಹಿಂದೆ ನಿಂತಿದ್ದ ಅಪ್ಪ ಕೇಳಿದರು, "ಏನಪ್ಪಾ, ನಾನು ಸರಿಯಾಗಿ ಕೂರಿಸಿದೀನಿ ತಾನೆ?"

"ಕೂರಿಸಿರೋದ್ರಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ ಯಜಮಾನ್ರೆ," ಎಂದ ಆತ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕವರ್ ಅವನ ಜೇಬು ಸೇರಿತು, ಗಾಳಿ ತಣ್ಣಗೆ ಬಂತು.

ಮನೆಗೆ ಬರುವಾಗ ಅಪ್ಪ ತಣ್ಣನೆ ಗಾಳಿಗೆ ಬಲಗೈ ಒಡ್ಡಿದರು. ಆಮೇಲೆ, "ಒಳ್ಳೆ ಮನುಷ್ಯ ಕಣಮ್ಮ. ಆ ಕವರನ್ನ ಜೇಬಿಗೆ ತುರುಕೋಕೆ ಎಷ್ಟು ಒದ್ದಾಡಿದ, ಪಾಪ," ಎಂದರು.

ನಾನು ತಿರುಗಿ ನೋಡಿದೆ.

"ರಸ್ತೆ ನೋಡ್ಕೊಂಡು ಓಡಿಸು. ನಗು ಬಂದ್ರೆ ನಕ್ಕುಬಿಡು."

ಗಾಡಿಯನ್ನು ಪಕ್ಕಕ್ಕೆ ಹಾಕಿ ನಗಬೇಕಾಯಿತು, ಇಬ್ಬರೂ.

ಈಗ ರಾತ್ರಿ, ನಾನು ಅನುವಾದಿಸುತ್ತಿರುವ ಕಾದಂಬರಿ ತೊಡೆಯ ಮೇಲೇ ಇದೆ, ಒಂದು ಪುಟವೂ ಸರಿದಿಲ್ಲ. ಆ ಮೆಕ್ಯಾನಿಕ್‌ಗೆ ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಅಪ್ಪನಿಗಂತೂ ಹೇಳಿಲ್ಲ. ಬರುವ ಭಾನುವಾರ ವೈಪರ್ ಬದಲಿಸುತ್ತಾರಂತೆ. ಬದಲಿಸಲಿ.